ಚಿಲ್ಲರೆ ಹಣದ ಪರೀಕ್ಷೆ

ಪೀಠಿಕೆ

ದಿನಕ್ಕೆ ಹತ್ತಾರು ಸಾರಿ ನಮ್ಮ ಕೈ ದಾಟುವ ನಾಣ್ಯವನ್ನು ನಾವು ಎಣಿಸುತ್ತೇವೆಯೇ ಹೊರತು ಓದುವದಿಲ್ಲ. ಅಕ್ಕಿರಾಂಪುರದ ಕುರಿಸಂತೆಯಲ್ಲಾಗಲಿ, ಕೊರಟಗೆರೆಯ ಬಸ್ಸಿನಲ್ಲಾಗಲಿ, ತೋವಿನಕೆರೆಯ ಅಂಗಡಿಯಲ್ಲಾಗಲಿ ಬಂದ ಚಿಲ್ಲರೆಯನ್ನು ಜೇಬಿಗೋ ಸೆರಗಿನ ಗಂಟಿಗೋ ಸೇರಿಸಿದರೆ ನಮ್ಮ ಪರೀಕ್ಷೆ ಮುಗಿಯಿತು. ಇದರಿಂದ ಎರಡು ವಿಧವಾದ ಕೇಡು ಉಂಟಾಗುತ್ತದೆ. ಕೆಲವರು ಸಾಧಾರಣವಾದ ನಾಣ್ಯವನ್ನು ಲಕ್ಷ ರೂಪಾಯಿ ಬೆಲೆಯುಳ್ಳದ್ದೆಂದು ನಂಬಿ, ಮೋಸಗಾರರಿಗೆ ಮನೆಯ ಹಣವನ್ನು ತೆರುತ್ತಾರೆ. ಮತ್ತೆ ಕೆಲವರು ಸರಿಯಾದ ನಾಣ್ಯವನ್ನು ಖೋಟಾ ಎಂದು ತಳ್ಳಿ, ಕೂಲಿಯವನ ಕೈಯಲ್ಲಿರುವ ನ್ಯಾಯವಾದ ಹಣವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತಾರೆ. ಈ ಎರಡು ಕೇಡುಗಳಿಗೂ ಬೇರು ಒಂದೇ. ಅದೇನಂದರೆ, ನಾಣ್ಯವು ತನ್ನ ವಿಷಯವಾಗಿ ತಾನೇ ಹೇಳುವ ಸಾಕ್ಷಿಯನ್ನು ಬಿಟ್ಟು, ಕಂಡವರ ಮಾತನ್ನು ನಂಬುವದೇ. ಆದದರಿಂದ ಈ ತಿಂಗಳ ಪಾಠದಲ್ಲಿ ಆ ಸಾಕ್ಷಿಯನ್ನು ಕೇಳುವ ಕ್ರಮವನ್ನು ವಿಚಾರಿಸೋಣ.

೧. ನಾಣ್ಯದ ನಾಲ್ಕು ಸಾಕ್ಷಿಗಳು

ಮೊದಲನೆಯದು ವರ್ಷ. ಎರಡನೆಯದು ಟಂಕಸಾಲೆಯ ಗುರುತು. ಭಾರತ ಸರಕಾರದ ಟಂಕಸಾಲೆಗಳು ನಾಲ್ಕು ಊರುಗಳಲ್ಲಿ ಇವೆ. ವರ್ಷದ ಕೆಳಗೆ ವಜ್ರದ ಆಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕೆಯಿದ್ದರೆ ನೋಯಿಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಸಾಧಾರಣವಾಗಿ ತಿಳುಕೊಳ್ಳಬಹುದು. ನಕ್ಷತ್ರದ ಗುರುತುಳ್ಳ ನಾಣ್ಯಕ್ಕೆ ಬಹಳ ಬೆಲೆಯುಂಟೆಂದು ಹೇಳುವವರಿದ್ದಾರೆ. ಅದು ಹೈದರಾಬಾದಿನಲ್ಲಿ ಅಚ್ಚಾಯಿತೆಂಬದಕ್ಕಿಂತ ಹೆಚ್ಚೇನನ್ನೂ ಆ ನಕ್ಷತ್ರ ಹೇಳುವದಿಲ್ಲ.

ಮೂರನೆಯದು ತೂಕವೂ ಲೋಹವೂ. ಎರಡು ಲೋಹಗಳ ಹತ್ತು ರೂಪಾಯಿ ನಾಣ್ಯ ಸುಮಾರು ೭.೭ ಗ್ರಾಂ ತೂಗುತ್ತದೆ. ಅದರ ಅಡ್ಡಳತೆ ೨೭ ಮಿಲಿಮೀಟರು. ಇಪ್ಪತ್ತು ರೂಪಾಯಿಯದು ೮.೫೪ ಗ್ರಾಂ ತೂಗುತ್ತದೆ. ಅದಕ್ಕೆ ಹನ್ನೆರಡು ಮೂಲೆಗಳು. ಹಳೆಯ ಬಿಳಿ ಐದು ರೂಪಾಯಿ ೯ ಗ್ರಾಂ ಇದ್ದು, ಅನಂತರದವುಗಳು ಅದಕ್ಕಿಂತ ಹಗುರವಾಗಿವೆ. ಒಂದು ಭಾರ ಒಂದು ಹಗುರ ಎಂದು ಹಗುರವಾದದ್ದನ್ನು ಸಂಶಯಿಸಬಾರದು, ಎರಡೂ ಸರಕಾರದವುಗಳೇ. ಅಕ್ಕಸಾಲಿಗನ ಸಣ್ಣ ತಕ್ಕಡಿಯೊಂದಿದ್ದರೆ ಈ ಪರೀಕ್ಷೆಗೆ ಸಾಕು.

ನಾಲ್ಕನೆಯದು ಅಂಚು. ಮೋಸವು ಮುಖದಲ್ಲಿ ಕಾಣದಿದ್ದರೂ ಅಂಚಿನಲ್ಲಿ ಕಾಣುವದುಂಟು. ಅಂಚನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಬೇಕು.

ಇವುಗಳ ಸಂಗಡ ಇನ್ನೊಂದು ಪರೀಕ್ಷೆಯುಂಟು. ಸಿಂಹಗಳು ನೆಟ್ಟಗಿರುವಂತೆ ನಾಣ್ಯವನ್ನು ಹಿಡಿದು, ಪುಸ್ತಕದ ಹಾಳೆಯನ್ನು ತಿರುವುವ ಹಾಗೆ ಪಕ್ಕಕ್ಕೆ ತಿರುಗಿಸಿದರೆ, ಹಿಂಬದಿಯ ಅಂಕೆಯೂ ನೆಟ್ಟಗೇ ಇರತಕ್ಕದ್ದು. ಅದು ತಲೆಕೆಳಗಾಗಿದ್ದರೆ ಅಚ್ಚು ತಿರುಗಿದೆಯೆಂದು ತಿಳಿಯಬೇಕು. ಅಚ್ಚು ಬದಿಗೆ ಸರಿದು ಅರ್ಧ ಚಿತ್ರವೇ ಬಿದ್ದಿರುವ ನಾಣ್ಯಗಳೂ, ಒಂದೇ ಮುಖವು ಎರಡು ಬದಿಗಳಲ್ಲಿಯೂ ಒಂದರಲ್ಲಿ ಉಬ್ಬಾಗಿ ಒಂದರಲ್ಲಿ ತಗ್ಗಾಗಿ ಬಿದ್ದಿರುವ ನಾಣ್ಯಗಳೂ ಟಂಕಸಾಲೆಯ ಕೈತಪ್ಪಿ ಹೊರಗೆ ಬರುವದುಂಟು. ಇಂಥವುಗಳನ್ನು ಸಂಗ್ರಹ ಮಾಡುವವರು ಮುಖಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ನಮ್ಮ ಚಿಲ್ಲರೆಯಲ್ಲಿ ನಿಜವಾಗಿ ಹುಡುಕತಕ್ಕವು ಇವೇ.

೨. ವಿರಳವಾದದ್ದು ಯಾವದು?

ಹಳೆಯದೆಲ್ಲಾ ವಿರಳವಲ್ಲ. ವಿಕ್ಟೋರಿಯಾ ರಾಣಿಯ ೧೮೬೨ನೆಯ ವರ್ಷದ ರೂಪಾಯಿಯು ಒಂದೂವರೆ ಶತಮಾನಕ್ಕಿಂತ ಹೆಚ್ಚು ಹಳೆಯದಾದರೂ ಈಗಲೂ ಧಾರಾಳವಾಗಿ ಸಿಕ್ಕುತ್ತದೆ. ಯಾಕಂದರೆ ೧೮೭೪ರ ವರೆಗೂ ವರ್ಷವನ್ನು ಬದಲಾಯಿಸದೆ ಅದೇ ಅಂಕೆಯನ್ನಿಟ್ಟು ರೂಪಾಯಿಗಳನ್ನು ಅಚ್ಚುಹಾಕಿದರು. ಆರನೆಯ ಜಾರ್ಜ್ ಅರಸನ ೧೯೩೯ರ ಬೆಳ್ಳಿ ರೂಪಾಯಿಯಾದರೋ ಅದಕ್ಕಿಂತ ಬಹಳ ಎಳೆಯದು. ಆದರೂ ಸಿಕ್ಕುವದು ದುರ್ಲಭ. ಐದನೆಯ ಜಾರ್ಜ್ ಅರಸನ ೧೯೧೧ರ ರೂಪಾಯಿಯ ಕಥೆ ಇನ್ನೂ ವಿಚಿತ್ರವಾದದ್ದು. ಅರಸನ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ, ನೋಡುವವರಿಗೆ ಹಂದಿಯಂತೆ ಕಂಡದ್ದರಿಂದ ಜನರು ಬೇಸರಪಟ್ಟರು. ಸರಕಾರವು ಅದನ್ನು ಹಿಂದಕ್ಕೆ ತೆಗೆದು, ೧೯೧೨ರ ನಾಣ್ಯದಲ್ಲಿ ಆನೆಯನ್ನು ತಿದ್ದಿಸಿತು. ಎಷ್ಟು ಉಳಿದಿವೆ, ಎಷ್ಟು ಮಂದಿ ಬಯಸುತ್ತಾರೆ, ಎಷ್ಟು ಸವೆಯದೆ ಇದೆ ಎಂಬ ಮೂರು ಸಂಗತಿಗಳಿಂದ ಬೆಲೆ ಹುಟ್ಟುತ್ತದೆಯೇ ಹೊರತು ವಯಸ್ಸೊಂದರಿಂದಲೇ ಹುಟ್ಟುವದಿಲ್ಲ.

ಅಜ್ಜಿಯ ಕಾಲದ ರೂಪಾಯಿಗಳನ್ನು ಪೆಟ್ಟಿಗೆಯಲ್ಲಿಟ್ಟಿರುವ ಮನೆಯವರು ಇದನ್ನು ಮನಸ್ಸಿನಲ್ಲಿಡಲಿ. ೧೯೩೯ರ ವರೆಗಿನ ರೂಪಾಯಿಯ ತೂಕ ೧೧.೬೬ ಗ್ರಾಂ, ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ. ೧೯೪೦ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ೧೯೪೭ರದರಲ್ಲಿ ಬೆಳ್ಳಿಯೇ ಇಲ್ಲ. ಹುಲಿಯ ಚಿತ್ರವುಳ್ಳ ಆ ನಾಣ್ಯವು ನಿಕ್ಕಲಿನದು, ಅಯಸ್ಕಾಂತಕ್ಕೆ ಅಂಟುತ್ತದೆ. ಬೆಳ್ಳಿಯು ಅಂಟುವದಿಲ್ಲ. ಮಾರುವದಕ್ಕೆ ಮುಂಚೆ ವರ್ಷವನ್ನು ನೋಡಿ ಬೇರೆ ಬೇರೆ ಮಾಡಿಟ್ಟವನನ್ನು ಸುಲಭವಾಗಿ ವಂಚಿಸಲಾಗದು.

ಇನ್ನೊಂದು ನಾಣ್ಯದ ವಿಷಯವಾಗಿ ನಮ್ಮ ಸಭೆಗಳವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ೨೦೦೫, ೨೦೦೬ನೆಯ ವರ್ಷಗಳ ಒಂದು ಮತ್ತು ಎರಡು ರೂಪಾಯಿ ನಾಣ್ಯಗಳಲ್ಲಿ ಅಡ್ಡವಾಗಿಯೂ ಉದ್ದವಾಗಿಯೂ ಹಾದುಹೋಗುವ ಗೆರೆಗಳುಂಟು. ವಿವಿಧತೆಯಲ್ಲಿ ಏಕತೆ ಎಂಬದೇ ಅದರ ಅರ್ಥವೆಂದು ತಿಳಿಸಲ್ಪಟ್ಟಿತು. ಆದರೂ ಅದು ಶಿಲುಬೆಯೆಂದು ಹೇಳಿ ಕೆಲವರು ಆಕ್ಷೇಪಿಸಿದರು. ಅದೇ ಕಾರಣದಿಂದ ನಮ್ಮವರು ಅದನ್ನು ಪವಿತ್ರವೆಂದಾಗಲಿ ವಿರಳವೆಂದಾಗಲಿ ಎತ್ತಿಡುವದು ಸರಿಯಲ್ಲ. ಅವು ರಾಶಿರಾಶಿಯಾಗಿ ಅಚ್ಚಾದ ಸಾಧಾರಣ ನಾಣ್ಯಗಳು. ವೈಷ್ಣೋದೇವಿಯ ಚಿತ್ರವುಳ್ಳ ೨೦೧೨ರ ಐದು ಮತ್ತು ಹತ್ತು ರೂಪಾಯಿಗಳಿಗೂ ಲಕ್ಷಗಟ್ಟಲೆ ಬೆಲೆಯೆಂಬ ಸುದ್ದಿ ಹಬ್ಬಿತು. ಅದಕ್ಕೂ ಆಧಾರವಿಲ್ಲ.

೩. ತಿದ್ದಿದ ನಾಣ್ಯಗಳು

ವಿರಳವಾದದ್ದಕ್ಕೆ ಬೆಲೆಯುಂಟಾದ ಕಡೆಯಲ್ಲಿ ಅದನ್ನು ಕೈಯಿಂದ ಮಾಡುವವರೂ ಹುಟ್ಟುತ್ತಾರೆ. ೧೯೩೮ರ ರೂಪಾಯಿಯ ಕೊನೆಯ ಅಂಕೆಯಾದ ಎಂಟರ ಕೆಳಸುತ್ತಿನ ಎಡಭಾಗವನ್ನು ಅರದಿಂದ ಉಜ್ಜಿದರೆ ಅದು ಇಂಗ್ಲಿಷಿನ ಒಂಬತ್ತರಂತೆ ಕಾಣುತ್ತದೆ. ಇದನ್ನು ಕಂಡುಹಿಡಿಯಲು ಭೂತಗನ್ನಡಿಯಿಂದ ಅಂಕೆಯ ಸುತ್ತಲಿನ ನೆಲವನ್ನು ನೋಡಬೇಕು. ಉಜ್ಜಿದ ಕಡೆಯಲ್ಲಿ ಹೊಳಪು ಬೇರೆಯಾಗಿಯೂ ಸಣ್ಣ ಗೀರುಗಳುಳ್ಳದ್ದಾಗಿಯೂ ಇರುವದು.

ಎರಡು ನಾಣ್ಯಗಳನ್ನು ಸೀಳಿ ಕೂಡಿಸಿ ಎರಡು ಬದಿಗೂ ಒಂದೇ ಮುಖವನ್ನು ಮಾಡುವದುಂಟು. ಇಂಥದ್ದರ ಅಂಚಿನಲ್ಲಾಗಲಿ ಕಂಠದ ಒಳಗಾಗಲಿ ಸಣ್ಣ ಬೆಸುಗೆಯ ಗೆರೆ ಇರುವದು. ಕಲ್ಲಿನ ಮೇಲೆ ಬೀಳಿಸಿದರೆ ನಾದವೂ ಮಂಕಾಗಿರುವದು. ಅಚ್ಚಿನಿಂದ ಹೊಡೆಯದೆ ಎರಕ ಹೊಯ್ದ ಖೋಟಾ ನಾಣ್ಯದಲ್ಲಿ ಅಕ್ಷರಗಳು ಸವೆದ ಸಾಬೂನಿನಂತೆ ಮೊಂಡಾಗಿಯೂ, ಮೈಯಲ್ಲಿ ಸಣ್ಣ ಗುಳಿಗಳಾಗಿಯೂ ಕಾಣುತ್ತವೆ. ಬಣ್ಣವನ್ನು ಮಾತ್ರ ಏರಿಸಿದ್ದರೆ, ಸವೆಯುವ ಏರುಗಳಲ್ಲಿ ಒಳಗಿನ ಲೋಹವು ಇಣಿಕಿ ನೋಡುತ್ತದೆ.

ನಾವೇ ತಿಳಿಯದೆ ನಾಣ್ಯವನ್ನು ಕೆಡಿಸುವದೂ ಉಂಟು. ಹಳೆಯ ನಾಣ್ಯ ಸಿಕ್ಕಿದ ಕೂಡಲೆ ಹುಣಸೆಹಣ್ಣು ಬೂದಿಗಳಿಂದ ತಿಕ್ಕಿ ಬೆಳಗುತ್ತೇವೆ. ಸರಕ್ಕೆ ಪೋಣಿಸಲು ತೂತು ಮಾಡಿಸುತ್ತೇವೆ. ಹೀಗೆ ಮಾಡಿದ ಮೇಲೆ ಲೋಹದ ಬೆಲೆ ಉಳಿದರೂ ಸಂಗ್ರಹದ ಬೆಲೆ ಬಹಳವಾಗಿ ಇಳಿಯುವದು. ಈಗಿನ ನಾಣ್ಯವನ್ನಾದರೋ ಕರಗಿಸುವದೂ ಕೆಡಿಸುವದೂ ಅಪರಾಧವೇ ಆಗಿದೆ. ೨೦೧೧ರ ನಾಣ್ಯ ಕಾಯಿದೆಯ ಪ್ರಕಾರ ಇದಕ್ಕೆ ಏಳು ವರ್ಷಗಳ ವರೆಗೆ ಸೆರೆಯಾಗಬಹುದು. ನಮ್ಮ ನಾಣ್ಯಗಳು ಬಾಂಗ್ಲಾದೇಶಕ್ಕೆ ಕಳ್ಳದಾರಿಯಿಂದ ಹೋಗಿ, ಕ್ಷೌರದ ಅಲಗುಗಳಾಗುತ್ತಿವೆಯೆಂದು ೨೦೦೭ರಲ್ಲಿ ಪತ್ರಿಕೆಗಳು ಬರೆದವು.

೪. ಮೋಸದ ಬಲೆ

ಈಗ ಹಬ್ಬಿರುವ ಮೋಸವು ಹೀಗೆ ನಡೆಯುತ್ತದೆ. ನಿಮ್ಮಲ್ಲಿ ಇಂಥ ನಾಣ್ಯವಿದ್ದರೆ ಐದು ಲಕ್ಷ ಕೊಡುತ್ತೇವೆಂದು ಮೊಬೈಲಿನಲ್ಲಿ ಒಂದು ಚಿತ್ರ ಬರುತ್ತದೆ. ನಾಣ್ಯದ ಪಟವನ್ನು ಕಳುಹಿಸಿದರೆ ಬಹಳ ಹೊಗಳುತ್ತಾರೆ. ಅನಂತರ, “ಅಮ್ಮಾ, ಹಣ ತಯಾರಾಗಿದೆ, ಮೊದಲು ಎರಡು ಸಾವಿರ ನೋಂದಣಿಗೆ ಕಟ್ಟಿಬಿಡಿ” ಅನ್ನುತ್ತಾರೆ. ಆಮೇಲೆ ತೆರಿಗೆ, ಆಮೇಲೆ ದಲಾಲಿ. ಕೊಟ್ಟಷ್ಟೂ ಕೇಳುವರು, ಕೊಡುವದನ್ನು ನಿಲ್ಲಿಸಿದರೆ ಆ ಫೋನು ಮೂಕಾಗುವದು. ರಿಸರ್ವ್ ಬ್ಯಾಂಕಿನ ಹೆಸರನ್ನೂ ಮುದ್ರೆಯನ್ನೂ ತೋರಿಸುವವರೂ ಇದ್ದಾರೆ. ೨೦೨೧ನೆಯ ಆಗಸ್ಟ್ ೪ರಂದು ಆ ಬ್ಯಾಂಕೇ ಪ್ರಕಟಣೆಯನ್ನು ಹೊರಡಿಸಿ, ತಾನು ಹಳೆಯ ನಾಣ್ಯಗಳ ಇಂಥ ವ್ಯವಹಾರದಲ್ಲಿ ಇಲ್ಲವೆಂದೂ, ಅದಕ್ಕಾಗಿ ಯಾರಿಂದಲೂ ಶುಲ್ಕವನ್ನಾಗಲಿ ದಲಾಲಿಯನ್ನಾಗಲಿ ಕೇಳುವದಿಲ್ಲವೆಂದೂ ಜನರನ್ನು ಎಚ್ಚರಿಸಿತು.

ಅಕ್ಕಿಯನ್ನು ಎಳೆಯುವ ನಾಣ್ಯ, ಅಕ್ಕಿಯನ್ನು ಎಳೆಯುವ ತಂಬಿಗೆ ಎಂಬ ಮೋಸವು ಇನ್ನೂ ದೊಡ್ಡದು. ಹನುಮಂತನ ಇಲ್ಲವೆ ರಾಮನ ಚಿತ್ರವೂ, ೧೬೧೬ ಇಲ್ಲವೆ ೧೮೧೮ ಎಂಬ ವರ್ಷವೂ, ಈಸ್ಟ್ ಇಂಡಿಯಾ ಕಂಪೆನಿಯ ಹೆಸರೂ ಉಳ್ಳ ಅರ್ಧಾಣೆಯನ್ನು ತೋರಿಸಿ, ಇದರಲ್ಲಿ ಮಹಾಶಕ್ತಿ ಇದೆ ಅನ್ನುತ್ತಾರೆ. ಕಂಪೆನಿಯು ಇಂಥ ನಾಣ್ಯವನ್ನು ಎಂದೂ ಹೊರಡಿಸಲಿಲ್ಲ. ಇವು ಆಮೇಲೆ ಮಾಡಿದ ಬಿಲ್ಲೆಗಳು. ನಾಣ್ಯದೊಳಗೆ ಅಯಸ್ಕಾಂತವನ್ನೂ ಅಕ್ಕಿಯ ಕಾಳಿಗೆ ಕಬ್ಬಿಣದ ಪುಡಿಯನ್ನೂ ಸೇರಿಸಿದರೆ ಅಕ್ಕಿಯು ಓಡಿಬರುವದರಲ್ಲಿ ಆಶ್ಚರ್ಯವೇನು?

ಒಂದು ಸೂತ್ರವನ್ನು ನೆನಪಿನಲ್ಲಿಟ್ಟರೆ ಸಾಕು. ಮಾರುವವನು ಹಣವನ್ನು ಪಡೆಯತಕ್ಕವನು, ಕೊಡತಕ್ಕವನಲ್ಲ. ಕುರಿಯನ್ನು ಸಂತೆಗೆ ಹೊಡೆದುಕೊಂಡು ಹೋದವನ ಹತ್ತಿರ ಕೊಳ್ಳುವವನು ಮುಂಗಡವನ್ನು ಕೇಳುವನೇ? ಕುರಿಗೆ ಒಪ್ಪದ ನ್ಯಾಯವು ನಾಣ್ಯಕ್ಕೂ ಒಪ್ಪುವದಿಲ್ಲ.

೫. ಸರಿಯಾದ ನಾಣ್ಯವನ್ನು ತಳ್ಳಬಾರದು

ಹತ್ತು ಗೀಟುಗಳ ಹತ್ತು ರೂಪಾಯಿ ಸರಿ, ಹದಿನೈದು ಗೀಟುಗಳದು ಖೋಟಾ ಎಂಬ ಮಾತು ನಮ್ಮ ಸೀಮೆಯಲ್ಲಿ ಹಬ್ಬಿ, ಅನೇಕ ಅಂಗಡಿಗಳಲ್ಲಿ ಆ ನಾಣ್ಯವನ್ನೇ ಮುಟ್ಟದೆ ಹೋದರು. ೨೦೧೧ರಲ್ಲಿ ನಾಣ್ಯಗಳ ಮೇಲೆ ರೂಪಾಯಿಯ ಹೊಸ ಚಿಹ್ನೆ ಬಂದದ್ದರಿಂದ ಚಿಹ್ನೆಯುಳ್ಳವುಗಳೂ ಇಲ್ಲದವುಗಳೂ ಒಟ್ಟಿಗೆ ನಡೆಯುತ್ತಿವೆ. ೨೦೧೮ನೆಯ ಜನವರಿ ೧೭ರಂದು ರಿಸರ್ವ್ ಬ್ಯಾಂಕು, ಅದು ವರೆಗೆ ಹೊರಟಿದ್ದ ಹದಿನಾಲ್ಕು ವಿಧಗಳ ಹತ್ತು ರೂಪಾಯಿ ನಾಣ್ಯಗಳೂ ಸಲ್ಲತಕ್ಕವೆಂದು ಸ್ಪಷ್ಟವಾಗಿ ಹೇಳಿತು. ಎಂಟಾಣೆ ಅನ್ನುವ ಐವತ್ತು ಪೈಸೆಯೂ ಕಾನೂನಿನ ಪ್ರಕಾರ ಸಲ್ಲುತ್ತದೆ. ಇಪ್ಪತ್ತೈದು ಪೈಸೆಯೂ ಅದಕ್ಕಿಂತ ಕಿರಿಯವುಗಳೂ ೨೦೧೧ನೆಯ ಜೂನ್ ೩೦ಕ್ಕೆ ನಿಂತುಹೋದವು. ಕೊಡುವವರಿಗೂ ಒಂದು ಮಿತಿಯುಂಟು. ಒಂದು ರೂಪಾಯಿಯೂ ಅದಕ್ಕೆ ಮೇಲ್ಪಟ್ಟವುಗಳೂ ಆದ ನಾಣ್ಯಗಳನ್ನು ಒಂದು ಸಾರಿಗೆ ಸಾವಿರ ರೂಪಾಯಿಯ ವರೆಗೆ, ಐವತ್ತು ಪೈಸೆಯನ್ನು ಹತ್ತು ರೂಪಾಯಿಯ ವರೆಗೆ ಮಾತ್ರ ಕಾಯಿದೆಯು ಸಲ್ಲಿಸುತ್ತದೆ.

ಇದು ಸಣ್ಣ ಮಾತೆಂದು ಎಣಿಸಬೇಡಿರಿ. ಶೇಂಗಾ ಹೊಲದಲ್ಲಿ ಕಳೆ ಕಿತ್ತ ಹೆಂಗಸಿನ ಕೂಲಿಯಲ್ಲಿ ಐದು ಹತ್ತರ ನಾಣ್ಯಗಳು ಬಂದಿದ್ದರೆ, ನಾವು ತಳ್ಳುವದು ಅವಳ ಒಂದು ಹೊತ್ತಿನ ಬೆವರನ್ನೇ. ಅಂಗಡಿಯಿಟ್ಟಿರುವ ನಮ್ಮ ಸಹೋದರರು ಇದರಲ್ಲಿ ಇತರರಿಗೆ ಮಾದರಿಯಾಗಿರಲಿ. ಖೋಟಾ ನಾಣ್ಯವು ನಿಜವಾಗಿ ಕೈಗೆ ಬಂದರೆ ಅದನ್ನು ಕತ್ತಲಲ್ಲಿ ಬಸ್ಸಿನವನಿಗೆ ದಾಟಿಸದೆ, ಬ್ಯಾಂಕಿಗಾಗಲಿ ಪೊಲೀಸು ಠಾಣೆಗಾಗಲಿ ಒಪ್ಪಿಸಬೇಕು. ತಿಳಿದು ದಾಟಿಸುವದು ಅಪರಾಧ. ಸಂತೆಯಲ್ಲಿ ಸಲ್ಲದ್ದನ್ನು ಕಾಣಿಕೆಯ ಚೀಲದಲ್ಲಿ ಹಾಕುವದಂತೂ ದೇವರ ಮನೆಯನ್ನೇ ಖೋಟಾ ಸಂತೆ ಮಾಡಿದಂತೆ ಆಗುವದು.

೬. ಮಣ್ಣಿನಲ್ಲಿ ಸಿಕ್ಕಿದ ನಾಣ್ಯ

ನಮ್ಮ ಸೀಮೆಯಲ್ಲಿ ಅನೇಕ ಅರಸರ ಹಣವು ನಡೆದಿದೆ. ಸಿರಾವು ೧೬೮೭ರಿಂದ ಮೊಗಲರ ಒಂದು ಪ್ರಾಂತದ ಮುಖ್ಯಸ್ಥಳವಾಗಿತ್ತು. ಟಿಪ್ಪು ಸುಲ್ತಾನನ ಆನೆಯ ತಾಮ್ರದ ಕಾಸುಗಳ ಮೇಲೆ ಅವನು ಹೊಸದಾಗಿ ನಡಿಸಿದ ಶಕದ ವರ್ಷಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದಲ್ಲಿ ಮಯಿಲಿ ಕಾಸು ಎಂದು ನಮ್ಮ ಕನ್ನಡದಲ್ಲಿಯೇ ಬರೆದಿದೆ.

ಸಿರಾ ದಾರಿಯಲ್ಲಿ ಮುಂದೆ ಹೋದರೆ ಸಿಕ್ಕುವ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿಗಳಾದ ಔಗುಸ್ತನ ಮತ್ತು ತಿಬೇರಿಯನ ಬೆಳ್ಳಿ ನಾಣ್ಯಗಳು ಅಗೆತದಲ್ಲಿ ಸಿಕ್ಕಿವೆ. ಕೈಸರನ ತಲೆಯೂ ಮುದ್ರೆಯೂ ಇದ್ದ ಯಾವ ನಾಣ್ಯವನ್ನು ನಮ್ಮ ಕರ್ತನಿಗೆ ತೋರಿಸಿದರೋ, ಅದು ತಿಬೇರಿಯನ ಇಂಥ ನಾಣ್ಯವೇ ಆಗಿದ್ದಿರಬೇಕೆಂದು ಪಂಡಿತರು ಎಣಿಸುತ್ತಾರೆ. ಆತನೂ ಉತ್ತರ ಹೇಳುವದಕ್ಕೆ ಮುಂಚೆ, ಇದು ಯಾರ ಮುದ್ರೆ ಎಂದು ಕೇಳಿದನಲ್ಲವೇ?

ಆದದರಿಂದ ಉಳುವಾಗಲಾಗಲಿ ಪಾಯ ತೋಡುವಾಗಲಾಗಲಿ ಹಳೆಯ ನಾಣ್ಯಗಳ ಗಂಟು ಸಿಕ್ಕಿದರೆ ಅಕ್ಕಸಾಲಿಗನ ಕುಲುಮೆಗೆ ಒಯ್ಯಬೇಡಿರಿ. ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದೆಂದು ನಿಧಿಯ ಕಾನೂನು ಹೇಳುತ್ತದೆ. ಕರಗಿಸಿದವನಿಗೆ ಬೆಳ್ಳಿ ಮಾತ್ರ ಉಳಿಯುವದು. ಅದರಲ್ಲಿದ್ದ ಚರಿತ್ರೆಯು ಊರಿಗೇ ನಷ್ಟ.

ಮನೆಯಲ್ಲಿ ಕಲಿಸತಕ್ಕದ್ದು

ಒಂದು ಸಾಯಂಕಾಲ ಮಕ್ಕಳನ್ನು ಕೂರಿಸಿಕೊಂಡು ಮನೆಯ ಚಿಲ್ಲರೆಯನ್ನು ಚಾಪೆಯ ಮೇಲೆ ಹರಡಿರಿ. ವರ್ಷವನ್ನು ಓದಿಸಿರಿ, ಗುರುತನ್ನು ಹುಡುಕಿಸಿರಿ, ಅಂಚನ್ನು ಮುಟ್ಟಿಸಿರಿ. ವಿರಳವಾದದ್ದು ಸಿಕ್ಕದೆ ಹೋಗಬಹುದು. ಆದರೂ ನೋಡಿ ನಂಬುವ ಅಭ್ಯಾಸವು ಅವರ ಕೈಸೇರುವದು. ಆ ಅಭ್ಯಾಸವುಳ್ಳ ಮನೆಯವರನ್ನು ಫೋನಿನ ಸಿಹಿಮಾತು ಬೇಗನೆ ಮರುಳುಮಾಡದು.

ಪ್ರಶ್ನೆಗಳು

೧. ನಾಣ್ಯದ ನಾಲ್ಕು ಸಾಕ್ಷಿಗಳು ಯಾವವು?
೨. ೧೮೬೨ರ ರೂಪಾಯಿ ಧಾರಾಳವಾಗಿಯೂ ೧೯೩೯ರದು ವಿರಳವಾಗಿಯೂ ಇರುವದರಿಂದ ಏನು ತಿಳಿಯುತ್ತದೆ?
೩. ಬೆಳ್ಳಿಯ ರೂಪಾಯಿಯನ್ನೂ ನಿಕ್ಕಲಿನದನ್ನೂ ಮನೆಯಲ್ಲಿಯೇ ಹೇಗೆ ಬೇರ್ಪಡಿಸಬಹುದು?
೪. ನಿಮ್ಮ ನಾಣ್ಯವನ್ನು ಕೊಳ್ಳುವೆನೆಂದವನು ಮುಂಗಡ ಕೇಳಿದರೆ ಏನು ಉತ್ತರ ಕೊಡುವಿರಿ?
೫. ನಿಮ್ಮ ಊರಿನ ಅಂಗಡಿಯಲ್ಲಿ ಹತ್ತು ರೂಪಾಯಿ ನಾಣ್ಯವನ್ನು ತಳ್ಳುತ್ತಾರೋ? ಹಾಗಿದ್ದರೆ ಸಭೆಯ ಹಿರಿಯರು ಅವರಿಗೆ ಏನನ್ನು ತಿಳಿಸಬಹುದು?