ಶುಲ್ಕಕ್ಕೆ ಹೆದರಿ ಸೀಟು ಬಿಡಬೇಡಿ
ತಾಯಿ, ಹಿಮೋಫಿಲಿಯಾ ಇರುವ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದ್ದನ್ನು ನಿಮ್ಮ ಪತ್ರದಲ್ಲಿ ಓದಿ ತುಂಬ ಸಂತೋಷವಾಯಿತು. ಕೈಕಾಲು ನೆಟ್ಟಗಿದೆಯಲ್ಲ ಎಂದು ಅಂಗವಿಕಲರ ಸೌಲಭ್ಯ ಕೇಳಲು ಹಿಂಜರಿದಿದ್ದೀರಿ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾವೂ ಇದೆ. ಆ ಸೌಲಭ್ಯ ಅವನ ಹಕ್ಕು.

ಮೊದಲು ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಮಾಡಿಸಿ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ನ ಪರೀಕ್ಷೆಯ ವರದಿ, ಮಂಡಿಯೊಳಗೆ ರಕ್ತಸ್ರಾವವಾದಾಗಿನ ಆಸ್ಪತ್ರೆ ಚೀಟಿಗಳು, ಒಂದನ್ನೂ ಬಿಡದೆ ವೈದ್ಯಕೀಯ ಮಂಡಳಿಯ ಮುಂದಿಡಿ. ನ್ಯೂನತೆ ಶೇ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ‘ಸಕ್ಷಮ್’ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ವರ್ಷಕ್ಕೆ 50,000 ರೂಪಾಯಿ; ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು, ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು.

ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯವರನ್ನೂ ಮಾತಾಡಿಸಿ. ಕಾಲೇಜಿನ ಊರಲ್ಲಿ ಫ್ಯಾಕ್ಟರ್ ಎಲ್ಲಿ ಸಿಗುತ್ತದೆಂದು ಈಗಲೇ ವಿಚಾರಿಸಿಕೊಳ್ಳಿ. ಹಾಸ್ಟೆಲ್ ವಾರ್ಡನ್‌ರಿಂದ ವಿಷಯ ಮುಚ್ಚಿಡಬೇಡಿ.