ಹೆಣ್ಣುಗರುವಿನ ವೀರ್ಯ: ಯಾವ ದನಕ್ಕೆ? ಯಾವಾಗ?

ಮಿಶ್ರತಳಿ ದನ ಸಾಕುವವರ ಹಟ್ಟಿಯಲ್ಲಿ ಕರು ಹಾಕಿತೆಂದರೆ ಮೊದಲ ಪ್ರಶ್ನೆ, ‘ಹೆಣ್ಣೋ, ಗಂಡೋ?’ ಗಂಡಾದರೆ ಮುಖ ಬಾಡುತ್ತದೆ. ಉಳುಮೆಗೆ ಟಿಲ್ಲರ್ ಬಂದಾಯ್ತು. ಎಚ್.ಎಫ್., ಜೆರ್ಸಿ ಹೋರಿಗೆ ನೊಗ ನಿಲ್ಲುವಂಥ ಹಿಣಿಲೂ ಇಲ್ಲ. 2021ರಲ್ಲಿ ಗೋಹತ್ಯೆ ನಿಷೇಧ ಕಾಯಿದೆ ಬಿಗಿಯಾದ ಮೇಲೆ ಕೊಳ್ಳುವವರೂ ಸಿಗುವುದಿಲ್ಲ. ಹಾಲು, ಹುಲ್ಲು ಮಾತ್ರ ಎಲ್ಲ ಕರುವಿಗೂ ಬೇಕು. ಇದಕ್ಕೊಂದು ದಾರಿ ಲಿಂಗ ವಿಂಗಡಿತ ವೀರ್ಯ.

ವಿಂಗಡಿಸುವುದು ಹೇಗೆ?

ಕರು ಹೆಣ್ಣೋ ಗಂಡೋ ಎಂದು ತೀರ್ಮಾನಿಸುವುದು ಹೋರಿಯ ವೀರ್ಯಾಣು. ಎಕ್ಸ್ ಆದರೆ ಹೆಣ್ಣು, ವೈ ಆದರೆ ಗಂಡು. ಎಕ್ಸ್ ವೀರ್ಯಾಣುವಿನಲ್ಲಿ ಡಿ.ಎನ್.ಎ. ಶೇ. 4ರಷ್ಟು ಹೆಚ್ಚು. ಬಣ್ಣ ಹಾಕಿ ಲೇಸರ್ ಬೆಳಕು ಹಾಯಿಸಿದರೆ ಅದು ತುಸು ಹೆಚ್ಚು ಹೊಳೆಯುತ್ತದೆ. ಈ ವ್ಯತ್ಯಾಸ ನೋಡಿ ಯಂತ್ರ ಬೇರ್ಪಡಿಸುತ್ತದೆ. ಹತ್ತು ಕರುಗಳಲ್ಲಿ ಒಂಬತ್ತು ಹೆಣ್ಣು ನಿರೀಕ್ಷಿಸಬಹುದು. ನೂರಕ್ಕೆ ನೂರು ಅಲ್ಲ.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 1980ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಎನ್.ಡಿ.ಡಿ.ಬಿ.ಯ ದೇಶೀ ತಂತ್ರಜ್ಞಾನ 2024ರ ಅಕ್ಟೋಬರಿನಲ್ಲಿ ಬಿಡುಗಡೆಯಾಯಿತು. ಡೋಸಿಗೆ ಸುಮಾರು 200 ರೂ. ಉಳಿಯುತ್ತದೆಂದು ಆಗ ಹೇಳಿದ್ದರು.

ಗಬ್ಬದ ಲೆಕ್ಕ

ಸಾಮಾನ್ಯ ಕಡ್ಡಿಯಲ್ಲಿ ಸುಮಾರು 2 ಕೋಟಿ ವೀರ್ಯಾಣು ಇದ್ದರೆ, ಇದರಲ್ಲಿ 20ರಿಂದ 40 ಲಕ್ಷ ಮಾತ್ರ. ಯಂತ್ರದಲ್ಲಿ ಹಾದು ಬಂದದ್ದರಿಂದ ಬಳಲಿಕೆಯೂ ಉಂಟು. ಹಾಗಾಗಿ ಗಬ್ಬ ನಿಲ್ಲುವುದು ಸ್ವಲ್ಪ ಕಮ್ಮಿ.

ನಾನು ಹಾಕುವ ಲೆಕ್ಕ ಇಷ್ಟು. ಹತ್ತು ಸಲ ಸಾಮಾನ್ಯ ವೀರ್ಯ ಕೊಡಿಸಿ ಐದು ನಿಂತರೆ ಹೆಣ್ಣು ಎರಡೋ ಮೂರೋ. ಅದೇ ಹತ್ತು ಸಲ ಇದನ್ನು ಕೊಡಿಸಿ ನಾಲ್ಕೇ ನಿಂತರೂ ಹೆಣ್ಣು ಮೂರೋ ನಾಲ್ಕೋ. ಆದರೆ ತಪ್ಪಿದ ಒಂದೊಂದು ಬೆದೆಗೂ 21 ದಿನದ ಮೇವು ಖರ್ಚು ಬರೆದುಕೊಳ್ಳಬೇಕು.

ಯಾವುದಕ್ಕೆ ಕೊಡಿಸಬೇಕು?

ನನ್ನ ಮೊದಲ ಆಯ್ಕೆ ಚೆನ್ನಾಗಿ ಮೈತುಂಬಿದ, ಸರಿಯಾಗಿ ಬೆದೆಗೆ ಬರುವ ಕಡಸು. ಹೆಣ್ಣುಗರು ಸಣ್ಣದಿರುವುದರಿಂದ ಚೊಚ್ಚಲ ಹೆರಿಗೆಯೂ ಸಲೀಸು. ಆಮೇಲೆ ಒಂದೆರಡು ಕರು ಹಾಕಿದ, ಹಾಲು ಹೆಚ್ಚಿರುವ ದನ. ಪದೇ ಪದೇ ಬೆದೆಗೆ ಬರುವುದಕ್ಕೆ, ಗರ್ಭಕೋಶದ ಸೋಂಕಿರುವುದಕ್ಕೆ, ಬಡಕಲು ದನಕ್ಕೆ ಖಂಡಿತ ಬೇಡ. ಹಾಲು ಕಮ್ಮಿಯ ದನದ ಹೆಣ್ಣುಗರು ಸಾಕಿ ಪ್ರಯೋಜನವೇನು?

ಅಮೆರಿಕ, ಬ್ರಿಟನಿನ ಅನೇಕ ಹೈನುಗಾರರು ಒಳ್ಳೆಯ ದನಗಳಿಗೆ ಮಾತ್ರ ಈ ವೀರ್ಯ ಕೊಡಿಸುತ್ತಾರೆ. ಉಳಿದವಕ್ಕೆ ಆಂಗಸ್‌ನಂಥ ಮಾಂಸದ ತಳಿ. ಮಾಂಸಕ್ಕೆ ಸಾಕುವವರಿಗೆ ಬೇಗ ತೂಕ ಬರುವ ಗಂಡೇ ಲಾಭ. ನಮ್ಮಲ್ಲೂ ಹಳ್ಳಿಕಾರ್ ಸಾಕುವವರಿಗೆ ಜೋಡಿ ಎತ್ತಿನಿಂದಲೇ ದುಡ್ಡು. ಅವರಿಗೆ ಹೆಣ್ಣುಗರುವಿನ ಕಡ್ಡಿ ಯಾಕೆ?

ಹೊತ್ತು ನೋಡಿ

ಈ ವೀರ್ಯಾಣುವಿಗೆ ಆಯುಷ್ಯ ಕಮ್ಮಿ. ಅಂಡ ಬಿಡುಗಡೆಯ ಹೊತ್ತಿಗೆ ಹತ್ತಿರವಾಗಿಯೇ ಕೊಡಿಸಬೇಕು. ಬೆದೆ ಶುರುವಾಗಿ 16ರಿಂದ 24 ಗಂಟೆಯೊಳಗೆ ಒಳ್ಳೆಯದು. ಬೆಳಗ್ಗೆ ಆರಕ್ಕೆ ಬೆದೆ ಕಂಡರೆ ಮರುದಿನ ನಸುಕಿಗೆ, ಸಂಜೆ ಆರಕ್ಕೆ ಕಂಡರೆ ಮರುದಿನ ಮಧ್ಯಾಹ್ನ. ಹೊತ್ತು ಗೊತ್ತಾಗಬೇಕಾದರೆ ದಿನಕ್ಕೆ ಎರಡು ಸಲವಾದರೂ ಹಟ್ಟಿಯಲ್ಲಿ ನಿಂತು ನೋಡಬೇಕು.

ಕಡ್ಡಿಯನ್ನು 35ರಿಂದ 37 ಡಿಗ್ರಿ ಬಿಸಿಯ ನೀರಲ್ಲಿ ಅರ್ಧ ನಿಮಿಷವಾದರೂ ಇಟ್ಟು ಕರಗಿಸಬೇಕು. ಜೇಬಿನಲ್ಲಿಟ್ಟು, ಅಂಗೈಯಲ್ಲಿ ತಿಕ್ಕಿ ಕರಗಿಸುವುದು ಬೇಡ. ನಾನಂತೂ ಬಿಸಿನೀರು, ಥರ್ಮಾಮೀಟರ್ ಮೊದಲೇ ತಯಾರಿಡುತ್ತೇನೆ. ಕಾರ್ಯಕರ್ತರಿಗೂ ಅನುಕೂಲ, ನಮಗೂ ಧೈರ್ಯ.

ಹೋರಿಯ ನಂಬ್ರ, ಕೊಡಿಸಿದ ತಾರೀಕು, ಹೊತ್ತು ಪುಸ್ತಕದಲ್ಲಿ ಬರೆದಿಡಿ. ಎರಡು ಸಲ ನಿಲ್ಲದಿದ್ದರೆ ಮೂರನೆಯದಕ್ಕೆ ಸಾಮಾನ್ಯ ವೀರ್ಯವೇ ಸಾಕು. ಇನ್ನೊಂದು ಮಾತು. ಹುಟ್ಟಿದ ಹೆಣ್ಣುಗರುಗಳಿಗೆಲ್ಲ ಹಸಿಹುಲ್ಲು ಎಲ್ಲಿಂದ ಎಂದು ಮೊದಲೇ ಯೋಚಿಸಿ. ಹುಲ್ಲಿನ ತೋಟಕ್ಕೆ ತಕ್ಕಷ್ಟೇ ಕಡಸು.