ತೋಟದ ಮನೆಗೆ ನೆಟ್: ದುಬಾರಿ ಪ್ಲಾನ್ ಹಾಕಿಸೋ ಮೊದಲು ಈ ಲೆಕ್ಕ ಮಾಡಿ

ಕಳೆದ ವರ್ಷ ಜುಲೈ. ಹೊರಗೆ ಬಿಡದೆ ಸುರಿಯೋ ಮಳೆ. ನನ್ನ ಹೆಂಡತಿ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಆಫೀಸಿನ ಮೀಟಿಂಗ್‌ನಲ್ಲಿದ್ದಳು. ಅರ್ಧ ಗಂಟೆಯಲ್ಲಿ ಆರು ಸಲ ಕಾಲ್ ಕಟ್ಟಾಯ್ತು. ಮರುದಿನ ಅವಳ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಎರಡು ತಿಂಗಳಲ್ಲಿ ನೆಟ್ ಸರಿ ಮಾಡ್ಕೊಳ್ಳಿ, ಇಲ್ಲಾಂದ್ರೆ ಬೆಂಗಳೂರಿಗೆ ವಾಪಸ್ ಬನ್ನಿ."

ನಮ್ಮನೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಟಾರ್ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ, ಗುಡ್ಡದ ಬುಡದಲ್ಲಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿ, ನಾಲ್ಕು ವರ್ಷ ಹೊರಗೆ ದುಡಿದು, ಅಪ್ಪನ ಎರಡು ಎಕರೆ ಅಡಿಕೆ ತೋಟಕ್ಕೆ ವಾಪಸ್ ಬಂದವನು ನಾನು. ಸಾವಯವಕ್ಕೆ ತಿರುಗಿದ ಮೊದಲ ವರ್ಷಗಳಲ್ಲಿ ಇಳುವರಿ ಏರುಪೇರಾಗತ್ತೆ ಅಂತ ನಿಮಗೆ ಗೊತ್ತು. ಆಗ ಮನೆ ನಡೆದಿದ್ದು ಅವಳ ಸಂಬಳದಲ್ಲಿ. ಊರಲ್ಲಿ ಉಳಿಯೋದಾ, ಬಿಡೋದಾ ಅನ್ನೋದು ನೆಟ್ ಮೇಲೆ ನಿಂತುಬಿಟ್ಟಿತ್ತು.

ಆ ಹೊತ್ತಲ್ಲಿ ಕಲಿತದ್ದನ್ನೂ ಕಳಕೊಂಡದ್ದನ್ನೂ ಈ ವಾರ ಬರೀತಿದ್ದೀನಿ.

1. ಮೊದಲು ಮನೆಯ ಅಗತ್ಯ ಬರೆದುಕೊಳ್ಳಿ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯೋರು ಇದ್ದಾರಲ್ಲ, ಹಾಗೇ ಅಗತ್ಯ ನೋಡದೆ 100 ಎಂಬಿಪಿಎಸ್ ಪ್ಲಾನ್ ಕೇಳೋರೂ ಇದ್ದಾರೆ. ನಾನೂ ಕೇಳಿದ್ದೆ. ಕೂತು ಲೆಕ್ಕ ಹಾಕಿದಾಗ ನಮ್ಮನೆಗೆ ಬೇಕಾಗಿದ್ದು ಇಷ್ಟು:

- ಒಂದು ಒಳ್ಳೆ ವಿಡಿಯೊ ಕಾಲ್: ಸುಮಾರು 3 ಎಂಬಿಪಿಎಸ್, ಹೋಗೋಕೂ ಬರೋಕೂ
- ಅಮ್ಮ ಟಿವಿಯಲ್ಲಿ ನೋಡೋ ಎಚ್‌ಡಿ ವಿಡಿಯೊ: ಸುಮಾರು 5 ಎಂಬಿಪಿಎಸ್
- ವಾಟ್ಸ್‌ಆ್ಯಪ್, ಅಡಿಕೆ ಧಾರಣೆ, ಗಿರಾಕಿಗಳ ಆರ್ಡರ್: 1 ಎಂಬಿಪಿಎಸ್ ಸಾಕು
- ಅಂಗಳದ ಕ್ಯಾಮೆರಾ: 1ರಿಂದ 2 ಎಂಬಿಪಿಎಸ್

ಎಲ್ಲಾ ಒಟ್ಟಿಗೆ ನಡೆದರೂ 12 ದಾಟಲ್ಲ. ಅಂದ್ರೆ 30 ಎಂಬಿಪಿಎಸ್ ಪ್ಲಾನ್ ಧಾರಾಳ ಆಯ್ತು. ಪ್ಲಾನ್ ಕೊಳ್ಳುವಾಗ ಅಪ್‌ಲೋಡ್ ವೇಗ ಎಷ್ಟು ಅಂತ ಕೇಳೋದನ್ನ ಮರೀಬೇಡಿ. ವಿಡಿಯೊ ಕಾಲ್‌ನಲ್ಲಿ ನಿಮ್ಮ ಮುಖ ಗಟ್ಟಿಯಾಗಿ ನಿಂತುಬಿಡೋದು ಹೆಚ್ಚಾಗಿ ಅಪ್‌ಲೋಡ್ ಸಾಲದೆ.

ಕ್ಯಾಮೆರಾ ಬಗ್ಗೆ ಒಂದು ಮಾತು. 1 ಎಂಬಿಪಿಎಸ್‌ನಲ್ಲಿ ದಿನವಿಡೀ ಕ್ಲೌಡ್‌ಗೆ ವಿಡಿಯೊ ಕಳಿಸೋ ಕ್ಯಾಮೆರಾ ದಿನಕ್ಕೆ 10.8 ಜಿಬಿ ತಿನ್ನತ್ತೆ. ದಿನಕ್ಕೆ 2 ಜಿಬಿ ಇರೋ ಸಿಮ್ ನಾಲ್ಕೂವರೆ ಗಂಟೆಯೊಳಗೆ ಖಾಲಿ. ಒಳಗೊಂದು ಮೆಮೊರಿ ಕಾರ್ಡ್ ಹಾಕಿ, ಏನಾದರೂ ಅಲ್ಲಾಡಿದಾಗ ಮಾತ್ರ ರೆಕಾರ್ಡ್ ಆಗೋ ಹಾಗೆ ಇಡಿ.

2. ಸಿಗ್ನಲ್ ಅಳೆಯಿರಿ

ಫೋನಿನ ಕಡ್ಡಿಗಳನ್ನ ನಂಬಬೇಡಿ. ಆಂಡ್ರಾಯ್ಡ್ ಫೋನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ಕಾಣತ್ತೆ. ಮೈನಸ್ ಸಂಖ್ಯೆ ಇರತ್ತೆ, ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೇದು. 4ಜಿಯಲ್ಲಿ -90 ಇದ್ದರೆ ಚೆನ್ನಾಗಿದೆ, -105 ಸುಮಾರು, -115 ದಾಟಿದರೆ ಕಷ್ಟ.

ಬೇರೆ ಬೇರೆ ಕಂಪನಿಯ ಸಿಮ್ ಇರೋ ಫೋನುಗಳನ್ನ ನೆಂಟರು, ಪಕ್ಕದ ಮನೆಯವರ ಹತ್ರ ಇಸ್ಕೊಳ್ಳಿ. ಜಗಲಿ, ಅಟ್ಟ, ಮಾಡಿನ ಹತ್ತಿರ, ತೋಟದ ತಲೆಭಾಗ, ಹೀಗೆ ಐದಾರು ಕಡೆ ನಿಂತು ಬರೆದುಕೊಳ್ಳಿ. ನಮ್ಮಲ್ಲಿ ಜಗಲಿಯಲ್ಲಿ -116 ಇದ್ದದ್ದು ಅಟ್ಟದ ಮೇಲಿನ ಕಿಟಕಿಯಲ್ಲಿ -98 ಬಂತು, ಅದೂ ನಾವು ಬಳಸದೇ ಇದ್ದ ಕಂಪನಿಯದ್ದು. ಮಳೆಗಾಲದಲ್ಲೂ ಒಂದ್ಸಲ ಅಳೆಯಿರಿ. ಒದ್ದೆ ಸೋಗೆ, ದಟ್ಟ ಎಲೆ ಸಿಗ್ನಲ್ ತಡೀತವೆ.

ಬೇರೆ ಕಂಪನಿ ಚೆನ್ನಾಗಿ ಸಿಕ್ಕರೆ ನಂಬರ್ ಬದಲಿಸಬೇಕಾಗಿಲ್ಲ. PORT ಅಂತ ಬರೆದು ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಮಾಡಿ, ಬಂದ ಕೋಡ್ ಹಿಡ್ಕೊಂಡು ಹೊಸ ಕಂಪನಿಯವರ ಹತ್ರ ಹೋಗಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು ಅಷ್ಟೆ. ಎಷ್ಟೋ ಮನೆಗಳಿಗೆ ಇಷ್ಟರಲ್ಲೇ ಕೆಲಸ ಮುಗಿಯತ್ತೆ.

3. ನಾನು ಮಾಡಿದ ತಪ್ಪು: ಬೂಸ್ಟರ್

ಅವಸರದಲ್ಲಿ ನಾನು ಆನ್‌ಲೈನ್‌ನಲ್ಲಿ ಒಂದು ಸಿಗ್ನಲ್ ಬೂಸ್ಟರ್ ತರಿಸಿದೆ. ನಾಲ್ಕು ಸಾವಿರ ಚಿಲ್ಲರೆ ಹೋಯ್ತು. ನಮ್ಮನೆಯಲ್ಲಿ ಕಡ್ಡಿ ಎರಡು ಜಾಸ್ತಿ ಆಯ್ತು, ನೆಟ್ ಮಾತ್ರ ಓಡಲಿಲ್ಲ. ಮೂರನೇ ದಿನ ಮೇಲ್ಮನೆ ಮಾವ ಬಂದು, "ತಮ್ಮಾ, ಎರಡು ದಿನದಿಂದ ನಮ್ಮ ಫೋನೇ ಹತ್ತುತಾ ಇಲ್ಲ, ನಿಮ್ಮಲ್ಲಿ ಹೆಂಗೆ?" ಅಂದ್ರು. ಬೂಸ್ಟರ್ ತೆಗೆದ ಮೇಲೆ ಅವರ ಫೋನ್ ಸರಿಹೋಯ್ತು.

ಆಮೇಲೆ ತಿಳೀತು, ಪರವಾನಗಿ ಇಲ್ಲದೆ ಇಂಥ ಬೂಸ್ಟರ್ ಇಡೋದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಟವರ್‌ನ ಸಿಗ್ನಲ್ ಕೆಡಿಸಿ ಸುತ್ತಲಿನ ಮನೆಗಳಿಗೂ ತೊಂದರೆ ಕೊಡತ್ತೆ. ಅಂಗಡಿಯಲ್ಲಿ ಸಿಗತ್ತೆ ಅಂದಮಾತ್ರಕ್ಕೆ ತರಬೇಡಿ.

4. ಮೂರು ದಾರಿ, ಈ ಕ್ರಮದಲ್ಲಿ ನೋಡಿ

ಫೈಬರ್: ಮೊದಲು ಗ್ರಾಮ ಪಂಚಾಯ್ತಿಯಲ್ಲಿ ವಿಚಾರಿಸಿ. ಭಾರತ್‌ನೆಟ್ ಯೋಜನೆಯಲ್ಲಿ ಪಂಚಾಯ್ತಿ ತನಕ ಫೈಬರ್ ಎಳೆದಿರೋ ಊರುಗಳು ಬಹಳ ಇವೆ. ಅಲ್ಲಿಂದ ಮನೆಗಳಿಗೆ ಸಂಪರ್ಕ ಕೊಡೋ ಸ್ಥಳೀಯ ಆಪರೇಟರ್ ಯಾರು ಅಂತ ಕೇಳಿ. ಊರಿನ ಕೇಬಲ್ ಟಿವಿಯವರನ್ನೂ ಕೇಳಿ, ಈಗ ಅವರಲ್ಲಿ ಅನೇಕರು ನೆಟ್ ಕೊಡ್ತಾರೆ.

ಒಂದೇ ಮನೆಗೆ ಅಂದ್ರೆ ಯಾರೂ ಕೇಬಲ್ ಎಳೆಯಲ್ಲ. ನನಗೂ ಎರಡು ಸಲ "ಆಗಲ್ಲ ಸರ್" ಅಂದಿದ್ರು. ಐದು ಮನೆಯವರು ಸೇರಿ ಹೋದಾಗ ಒಪ್ಪಿದ್ರು. ಕಂಬ, ಕೇಬಲ್ ಖರ್ಚು ಹಂಚಿಕೊಂಡ್ವಿ, ಮನೆಮನೆಗೂ ಬೇರೆ ಬೇರೆ ಸಂಪರ್ಕ ತಗೊಂಡ್ವಿ. ಒಂದೇ ಸಂಪರ್ಕ ಒಡೆದು ಪಕ್ಕದ ಮನೆಗೆ ದುಡ್ಡಿಗೆ ಕೊಡೋಕೆ ಹೋಗ್ಬೇಡಿ. ಆ ಸಂಪರ್ಕದಲ್ಲಿ ಏನೇ ನಡೆದರೂ ಮೊದಲು ವಿಚಾರಿಸೋದು ನಿಮ್ಮನ್ನೇ.

ಏರ್‌ಫೈಬರ್: ಇದು ಟವರ್‌ನಿಂದ 5ಜಿ ಸಿಗ್ನಲ್ ಹಿಡಿದು ವೈಫೈ ಮಾಡೋ ಪೆಟ್ಟಿಗೆ. ಟವರ್ ಕಣ್ಣಿಗೆ ಕಾಣೋ ಹಾಗಿದ್ರೆ ಚೆನ್ನಾಗಿ ಕೆಲಸ ಮಾಡತ್ತೆ. ನಡುವೆ ಗುಡ್ಡ ಇದ್ರೆ ದುಡ್ಡು ಕಟ್ಟೋ ಮೊದಲು ಮನೆಗೇ ಬಂದು ಪರೀಕ್ಷೆ ಮಾಡೋಕೆ ಹೇಳಿ.

4ಜಿ ರೂಟರ್, ಹೊರಗಿನ ಆಂಟೆನಾ: ಎರಡು ತಿಂಗಳ ಗಡುವಿನೊಳಗೆ ನಮ್ಮನ್ನ ಉಳಿಸಿದ್ದು ಇದೇ. ಸಿಮ್ ಹಾಕೋ, ಹೊರಾಂಗಣದಲ್ಲಿ ಇಡೋಕಾಗೋ ರೂಟರನ್ನ ಮಾಡಿನ ಮೇಲಿನ ಪೈಪಿಗೆ ಕಟ್ಟಿ ಟವರ್ ಕಡೆ ತಿರುಗಿಸಿದೆ. ಆಂಟೆನಾ ಮೇಲಿಟ್ಟು ಉದ್ದದ ವೈರ್‌ನಲ್ಲಿ ಸಿಗ್ನಲ್ ಕೆಳಗೆ ತಂದರೆ ದಾರಿಯಲ್ಲೇ ಅದು ಸೋರಿಹೋಗತ್ತೆ. ಅದಕ್ಕೇ ರೂಟರೇ ಮೇಲಿರಲಿ, ಕೆಳಗೆ ಲ್ಯಾನ್ ಕೇಬಲ್ ಬರಲಿ. 100 ಮೀಟರ್ ತನಕ ತೊಂದರೆ ಇಲ್ಲ. ಆವತ್ತು ಸ್ಪೀಡ್ ಟೆಸ್ಟ್‌ನಲ್ಲಿ 14 ಬಂತು. ಹೆಂಡತಿ ಇಡೀ ಮೀಟಿಂಗ್ ಮುಗಿಸಿ ಒಳಗಿಂದ ಬಂದು ಏನೂ ಹೇಳದೆ ಕಾಫಿ ಕೊಟ್ಟಳು.

5. ಬಿಲ್ ನೋಡೋದು ಹೀಗೆ

ಜಾಹೀರಾತಿನ ದರಕ್ಕೆ 18% ಜಿಎಸ್‌ಟಿ ಸೇರಿಸಿ. 499 ಅಂದ್ರೆ ಕೈಬಿಡೋದು ಸುಮಾರು 589. ಜೊತೆಗೆ ಕೇಳಿ: ರೂಟರ್ ಬಾಡಿಗೆಯಾ, ಠೇವಣಿಯಾ? ಅಳವಡಿಕೆ ಶುಲ್ಕ ಎಷ್ಟು? "ಅನ್‌ಲಿಮಿಟೆಡ್" ಅಂದ್ರೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಸ್ತೀರಿ? ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡಿ. ಒಂದು ಮಳೆಗಾಲ ಕಳೀಲಿ, ಅಲ್ಲಿ ತನಕ ತಿಂಗಳು ತಿಂಗಳು ಕಟ್ಟಿ.

ಮನೆಗೆ ವೈಫೈ ಬಂದ ಮೇಲೆ ಎಲ್ಲರ ಮೊಬೈಲ್ ರೀಚಾರ್ಜ್ ಸಣ್ಣದು ಮಾಡಿ. ನಮ್ಮ ನಾಲ್ಕು ಫೋನುಗಳಲ್ಲಿ ಉಳಿದ ದುಡ್ಡೇ ಫೈಬರ್ ಬಿಲ್ಲಿನ ಹೆಚ್ಚುಪಾಲು ತುಂಬತ್ತೆ.

6. ಕರೆಂಟು ಮತ್ತು ಸಿಡಿಲು

ರೂಟರ್‌ಗೆ ಅಂತಲೇ ಬರೋ 12 ವೋಲ್ಟಿನ ಸಣ್ಣ ಯುಪಿಎಸ್ ತಗೊಳ್ಳಿ. ಕೊಳ್ಳೋ ಮೊದಲು ನಿಮ್ಮ ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬರೆದಿದೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್, ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡಿ. ಫೈಬರ್ ಎಳೆಸುವಾಗ ಅಡಿಕೆ ಮರದಿಂದ ಮರಕ್ಕೆ ಕಟ್ಟಿಸಬೇಡಿ, ಒಂದು ಸೋಗೆ ಬಿದ್ರೆ ಸಾಕು. ತೋಟದ ಅಂಚಿನ ಕಂಬದ ಮೇಲೆ ಬರಲಿ, ಮನೆ ಹತ್ರ ಹತ್ತಡಿ ಹೆಚ್ಚುವರಿ ಸುರುಳಿ ಬಿಡಿಸಿಕೊಳ್ಳಿ.

ನಮಗೆ ಫೈಬರ್ ಬಂದದ್ದು ಡಿಸೆಂಬರ್‌ನಲ್ಲಿ. ಮಾಡಿನ ಮೇಲಿನ ರೂಟರ್ ಈಗಲೂ ಅಲ್ಲೇ ಇದೆ, ಕೇಬಲ್ ಕಡಿದ ದಿನ ಅದೇ ಗತಿ. ಹೆಂಡತಿ ಬೆಂಗಳೂರಿಗೆ ಹೋಗಲಿಲ್ಲ. ಮೇಲ್ಮನೆ ಮಾವ ಮೊದಲು "ನಮಗ್ಯಾಕೋ ಇದೆಲ್ಲ" ಅಂತಿದ್ದೋರು ಈ ಬೇಸಿಗೆ ರಜೆ ಮುಗಿದ ಮೇಲೆ ಹೇಳಿದ್ರು: "ಮೊಮ್ಮಕ್ಕಳು ಯಾವಾಗಲೂ ನಾಲ್ಕು ದಿನಕ್ಕೆ ಹೊರಡ್ತಿದ್ವು. ಈ ಸಲ ಹದಿನೈದು ದಿನ ಇದ್ದು ಹೋದ್ವು ಮಾರಾಯ."

ಈ ಭಾನುವಾರ ಫೋನ್ ಹಿಡ್ಕೊಂಡು ಮನೆಯ ಐದು ಕಡೆ ಸಿಗ್ನಲ್ ಬರೆದಿಡಿ. ಆ ಚೀಟಿ ಜೇಬಲ್ಲಿಟ್ಟುಕೊಂಡೇ ನೆಟ್‌ನವರ ಹತ್ರ ಮಾತಿಗೆ ಹೋಗಿ.